ಭಾವನ ರಿಜಿಸ್ಟರ್, ನನ್ನ ನಕಲಿ ರೋಗಿಗಳು: ನಾಲ್ಕು ವಾರದ ಲೆಕ್ಕ

ಉಡುಪಿ ಜಿಲ್ಲೆಯ ಒಂದು ಊರಿನಲ್ಲಿ ಭಾವನ ಕ್ಲಿನಿಕ್ ಇದೆ. ಅಕ್ಕನ ಮಗಳಿಗೆ ಕಾಲೇಜ್ ಪ್ರಾಜೆಕ್ಟಿಗೆ ರೋಗಿಗಳ ಡೇಟಾ ಬೇಕು. ಅಸಲಿ ಕೊಡುವ ಹಾಗಿಲ್ಲ. ಅಸಲಿಯ ಹಾಗೇ ಕಾಣುವ ನಕಲಿ ರಿಜಿಸ್ಟರ್, ಅಂದರೆ ಸಿಂಥೆಟಿಕ್ ಡೇಟಾ, ಮಾಡಿಕೊಡುತ್ತೇನೆ ಅಂತ ನಾನು ಒಪ್ಪಿಕೊಂಡೆ. ಆದಿತ್ಯವಾರ ಕ್ಲಿನಿಕ್ ರಜೆ. ಬೆಳಿಗ್ಗೆ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ ಹಿಡಿದು ಹೋಗಿ ಅಲ್ಲೇ ಕೂತು ಕೆಲಸ ಮಾಡುವುದು. ಡೇಟಾ ಆ ಕಂಪ್ಯೂಟರ್ ಬಿಟ್ಟು ಹೊರಗೆ ಬಂದಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತದೆ.

ಮೊದಲ ಆದಿತ್ಯವಾರ

ಹೆಸರು, ಫೋನ್ ನಂಬರ್, ರೋಗಿಯ ನಂಬರ್ ಎಲ್ಲ ಭಾವ ಮೊದಲೇ ಅಳಿಸಿದ್ದರು. ಉಳಿದದ್ದು ಸುಮಾರು 2,300 ಸಾಲು: ವಯಸ್ಸು, ಊರು, ಕೆಲಸ, ತಿಂಗಳು, ಕಾಯಿಲೆ. ಸಿಟಿಗ್ಯಾನ್ ಅಂತ ಒಂದು ಮಾಡೆಲ್, ಅಸಲಿ ಸಾಲು ನೋಡಿ ಕಲಿತು ಅಂಥದ್ದೇ ನಕಲಿ ಸಾಲು ಹುಟ್ಟಿಸುವಂಥದ್ದು; ಅದಕ್ಕೆ 300 ಸುತ್ತು ತರಬೇತಿ ಕೊಟ್ಟೆ. ಬಂದ ನಕಲಿ ರೋಗಿಗಳನ್ನು ನೋಡಿ ಖುಷಿಯೋ ಖುಷಿ. ಭಾವನಿಗೆ ತೋರಿಸಿದೆ. ಚಾ ಕುಡಿಯುತ್ತಾ ಸ್ಕ್ರೋಲ್ ಮಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು.

"ಇವರು ನಮ್ಮ ಮೂರ್ತೆದಾರರಲ್ವಾ ಮಾರಾಯ? ಮರದಿಂದ ಬಿದ್ದವರು?"

ಕಳ್ಳು ಇಳಿಸುವ 74 ವರ್ಷದವರು, ಇಂಥ ಊರು, ತೆಂಗಿನ ಮರದಿಂದ ಬಿದ್ದ ಪೆಟ್ಟು. ಆ ಊರಿನ ಸುತ್ತಮುತ್ತ ಅಂಥವರು ಒಬ್ಬರೇ. (ಇಲ್ಲಿ ವಯಸ್ಸನ್ನೂ ಪೆಟ್ಟನ್ನೂ ಬದಲಿಸಿ ಬರೆದಿದ್ದೇನೆ, ಹುಡುಕಬೇಡಿ.) ಮಾಡೆಲ್ ಅವರನ್ನು ಬಾಯಿಪಾಠ ಮಾಡಿಬಿಟ್ಟಿತ್ತು.

ಇದೇನೂ ಹೊಸ ಕಥೆಯಲ್ಲ. 1990ರ ದಶಕದಲ್ಲೇ ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಮತದಾರರ ಪಟ್ಟಿ ತಗೊಂಡು, ಹೆಸರಿಲ್ಲದ ಆಸ್ಪತ್ರೆ ದಾಖಲೆಗೆ ತಾಳೆ ಹಾಕಿ, ಮ್ಯಾಸಚೂಸೆಟ್ಸ್ ಗವರ್ನರ್ ಅವರ ದಾಖಲೆಯನ್ನೇ ಗುರುತಿಸಿದ್ದರು. ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವುದು, ಅಷ್ಟೇ ಸಾಕಾಗಿತ್ತು. ನಮ್ಮ ಕಡೆ ಅಷ್ಟೂ ಬೇಡ. ಊರು ಮತ್ತು ಕೆಲಸ ಹೇಳಿದರೆ ಮನೆ ಗೇಟಿನವರೆಗೆ ಬಿಟ್ಟು ಬರುತ್ತಾರೆ.

ಎರಡನೇ ಆದಿತ್ಯವಾರ

ದಾರಿ ಬದಲಿಸಿದೆ. ಕಂಪ್ಯೂಟರ್ ವಿಜ್ಞಾನಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟ ಡಿಫರೆನ್ಶಿಯಲ್ ಪ್ರೈವಸಿ. ಒಬ್ಬ ವ್ಯಕ್ತಿ ಡೇಟಾದಲ್ಲಿ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ ಥರ ಇರಬೇಕು, ಅದು ಶರತ್ತು. ಎಷ್ಟು ಹೆಚ್ಚುಕಮ್ಮಿ ಅನ್ನುವುದಕ್ಕೆ ಎಪ್ಸಿಲಾನ್ ಅಂತ ಒಂದು ಸಂಖ್ಯೆ. ಚಿಕ್ಕದಾದಷ್ಟೂ ರಕ್ಷಣೆ ಜಾಸ್ತಿ.

ನಾನು ಮಾಡಿದ್ದು ಇಷ್ಟು: ಊರು-ಕಾಯಿಲೆ, ಕೆಲಸ-ತಿಂಗಳು, ವಯಸ್ಸು-ಕಾಯಿಲೆ, ಈ ಥರ ಐದು ಟೇಬಲ್, ಪ್ರತಿ ಜೋಡಿಗೆ ಎಷ್ಟು ಸಾಲು ಅನ್ನುವ ಎಣಿಕೆ. ಒಟ್ಟು ಎಪ್ಸಿಲಾನ್ 1, ಟೇಬಲ್ಲಿಗೆ 0.2. ಪ್ರತಿ ಎಣಿಕೆಗೂ ಲ್ಯಾಪ್ಲಾಸ್ ನಾಯ್ಸ್, ಅಂದರೆ ಬೇಕೆಂದೇ ಹಾಕುವ ಲಾಟರಿ ಥರದ ಏರುಪೇರು, ಸೇರಿಸುವುದು, ಸರಾಸರಿ 5ರಷ್ಟು ಮೇಲೆ ಕೆಳಗೆ. 180 ಇದ್ದದ್ದು 176 ಆದರೆ ಯಾರಿಗೇನು? 1 ಇದ್ದದ್ದು 6 ಆಗಬಹುದು, ಮೈನಸ್ 4 ಕೂಡ ಆಗಬಹುದು. ಮೂರ್ತೆದಾರರು ಮಾಯ. ಆ ನಾಯ್ಸ್ ಇರುವ ಟೇಬಲ್‌ಗಳಿಂದಲೇ ನಕಲಿ ರೋಗಿಗಳನ್ನು ಹುಟ್ಟಿಸುವುದು.

ವಾಪಸ್ ಬಸ್ಸಿನಲ್ಲಿ ಪಡುಬಿದ್ರಿ ದಾಟುವಾಗ ತಲೆಗೆ ಹೊಳೆಯಿತು, ಲೆಕ್ಕವೇ ತಪ್ಪು. ರಿಜಿಸ್ಟರಿನಲ್ಲಿ ಒಂದು ಸಾಲು ಅಂದರೆ ಒಬ್ಬ ರೋಗಿ ಅಲ್ಲ, ಒಂದು ಭೇಟಿ. ಶುಗರ್ ಇರುವವರು ವರ್ಷಕ್ಕೆ 14 ಸಲ ಬರುತ್ತಾರೆ. ನಾನು ಬಚ್ಚಿಟ್ಟದ್ದು ಒಂದು ಭೇಟಿಯನ್ನು, ಮನುಷ್ಯನನ್ನಲ್ಲ. ಯಾವ 14 ಸಾಲು ಒಬ್ಬರದ್ದು ಅಂತ ತಿಳಿಯೋಣ ಅಂದರೆ ರೋಗಿಯ ನಂಬರ್ ಇಲ್ಲ. ಗುಟ್ಟು ಕಾಯಲು ಅಂತ ಅಳಿಸಿದ್ದೇ ಅಡ್ಡ ಬಂತು!

ಮೂರನೇ ಆದಿತ್ಯವಾರ

ಭಾವ ಗೊಣಗಿಕೊಂಡೇ ನಂಬರ್ ವಾಪಸ್ ಸೇರಿಸಿದರು. ಒಬ್ಬರಿಗೆ ಒಂದೇ ಭೇಟಿ, ಲಾಟರಿ ಎತ್ತಿದ ಹಾಗೆ ಆರಿಸಿದೆ. 2,300 ಹೋಗಿ 860 ಆಯಿತು. ಹೊಟ್ಟೆ ಉರಿಯಿತು, ಆದರೆ ಸರಿಯಾದ ಲೆಕ್ಕ.

ಇನ್ನೊಂದು ಎಡವಟ್ಟು: ಊರುಗಳ ಪಟ್ಟಿಯನ್ನು ಡೇಟಾದಿಂದಲೇ ಎತ್ತಿಕೊಂಡಿದ್ದೆ. ಒಂದು ಊರಿನಿಂದ ಒಬ್ಬರೇ ಬಂದಿದ್ದರೆ, ಪಟ್ಟಿಯಲ್ಲಿ ಆ ಊರು ಇದೆ ಅನ್ನುವುದೇ ಸುಳಿವು. ಈಗ ತಾಲೂಕಿನ ಎಲ್ಲ ಗ್ರಾಮಗಳನ್ನೂ ಹಾಕಿ ಬಸ್ ರೂಟಿನ ಪ್ರಕಾರ ಗುಂಪು ಮಾಡಿದ್ದೇನೆ. ಸೊನ್ನೆ ಇರುವ ಕಡೆಗೂ ನಾಯ್ಸ್ ಬೀಳಬೇಕು. ವಯಸ್ಸಿಗೂ ಹಾಗೇ, ಡೇಟಾದಲ್ಲಿರುವ ಅತಿ ಹಿರಿಯರನ್ನು ನೋಡದೆ 0ರಿಂದ 100, ಹತ್ತು ಹತ್ತರ ಗುಂಪು.

ನಾಲ್ಕನೇ ಆದಿತ್ಯವಾರ

ನನ್ನ ಪರೀಕ್ಷೆ ಒಂದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿಗೆ ಹೋಗುವವರು ಆಗಲೇ ಬಾಕಿ ಇದ್ದ ಸೊಂಟನೋವು, ಹಲ್ಲುನೋವು ಎಲ್ಲ ತಗೊಂಡು ಕ್ಲಿನಿಕ್ಕಿಗೆ ಬರುವುದು. ನಕಲಿ ಡೇಟಾದಲ್ಲೂ ಆ ಏರಿಕೆ ಚೆನ್ನಾಗಿಯೇ ಉಳಿದಿದೆ. ಹಾವು ಕಚ್ಚಿದ ಪ್ರಕರಣಗಳು ಮಾತ್ರ ನಾಯ್ಸಿನಲ್ಲಿ ಮುಳುಗಿದವು. ಅಕ್ಕನ ಮಗಳು "ಮಾವ, ಅದೇ ಇಂಟರೆಸ್ಟಿಂಗ್ ಇತ್ತು" ಅಂತ ಮುಖ ಊದಿಸಿದಳು.

ನಕಲಿ ಡೇಟಾದಲ್ಲಿ 6 ವರ್ಷದ ಮಗುವೊಂದು ಬೀಡಿ ಕಟ್ಟುತ್ತಿತ್ತು. ಅಂಥ ಸಾಲು ತೆಗೆಯಲು ಒಂದು ನಿಯಮ ಬರೆದೆ. ಅಸಲಿ ಡೇಟಾ ಮುಟ್ಟದೆ ಮಾಡುವ ತಿದ್ದುಪಡಿಗೆ ಪ್ರೈವಸಿ ಖರ್ಚಿಲ್ಲ, ಅಂದರೆ ಎಪ್ಸಿಲಾನ್ ಏರುವುದಿಲ್ಲ. ಆದರೆ ಅಸಲಿ ಮೇಲೆ ಮತ್ತೆ ಮತ್ತೆ ಓಡಿಸಿ ಚಂದದ್ದನ್ನು ಆರಿಸಿದರೆ ಖರ್ಚು ಕೂಡುತ್ತಾ ಹೋಗುತ್ತದೆ. ಈ ಸರಿಯಾದ ಲೆಕ್ಕವನ್ನು ನಾನು ಆಗಲೇ ನಾಲ್ಕು ಸಲ ಓಡಿಸಿ ನೋಡಿದ್ದೇನೆ. ಆ ಫೈಲುಗಳನ್ನು ಅಳಿಸಿದರೂ ನನ್ನ ಕಣ್ಣು ನೋಡಿಯಾಗಿದೆ. ಹಾಗಾಗಿ ಅದನ್ನೂ ಲೆಕ್ಕಕ್ಕೆ ಹಿಡಿದು, ಆಗಿಹೋದ ನಾಲ್ಕು ಓಟಕ್ಕೆ ಒಂದೊಂದು, ಕೊನೆಯ ಓಟಕ್ಕೆ ಇನ್ನೊಂದು, ಕೊಡುವ ಫೈಲಿನ ಜೊತೆ ಎಪ್ಸಿಲಾನ್ ಒಟ್ಟು 5 ಅಂತಲೇ ಬರೆಯುತ್ತೇನೆ.

ಬರುವ ವಾರ ಕೊನೆಯ ಓಟ, ಒಂದೇ ಸಲ. ಕರೆಂಟ್ ಹೋಗದಿದ್ದರೆ ಸಾಕು. ಭಾವನ ಯುಪಿಎಸ್ ಹತ್ತು ನಿಮಿಷವೂ ಬರುವುದಿಲ್ಲ.