ದೇವರಾಯನದುರ್ಗದ ಏರಿನಲ್ಲಿ ಬಾರದ ಮಿಸ್ಸಿಂಗ್

ಏರು ಹತ್ತುವಾಗ ಗಾಡಿ ಒಂದು ಚೂರೂ ಮಿಸ್ ಹೊಡೆಯಲಿಲ್ಲ, ಅಂದರೆ ಇಂಜಿನ್ ನಡುನಡುವೆ ಉರಿಯುವುದು ತಪ್ಪಿ ಜರ್ಕ್ ಕೊಡಲಿಲ್ಲ. ಸಮತಟ್ಟಾದ ರೋಡಿಗೆ ಬಂದ ಮೇಲೆ ಹೊಡೆಯಿತು. ಇದನ್ನು ಮೊದಲೇ ಗಮನಿಸಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. ಹಳೇ ಗಾಡಿ ಇಟ್ಟುಕೊಂಡಿರುವ ಬೇರೆಯವರಿಗಾದರೂ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಗಾಡಿ 1966ರ ಎಂಜಿಬಿ, ಬ್ರಿಟನ್ನಿನ ಸ್ಪೋರ್ಟ್ಸ್ ಕಾರ್. ಎರಡು ಸೀಟು, ಮಡಚುವ ಟಾಪ್, 1798 ಸಿಸಿ ಇಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬ್ಯುರೇಟರ್. ಸೋದರಮಾವ ಬೆಂಗಳೂರಿನಲ್ಲಿ ಕೊಂಡು ಇಪ್ಪತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡಿದ್ದರು. ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ತುಳಿಯೋಕೆ ಆಗದೆ ಹೋದಾಗ ನನಗೆ ಕೊಟ್ಟರು. ಅವತ್ತಿನಿಂದ ತುಮಕೂರಿನಲ್ಲಿ ನಮ್ಮ ಮನೆಯ ಶೆಡ್ಡಿನಲ್ಲೇ ಇದೆ.

ಸಂಕ್ರಾಂತಿ ಆದ ಮೇಲೆ ತೊಂದರೆ ಶುರುವಾಯಿತು. ಸೆಲ್ಫ್ ಹೊಡೆದರೆ ಮೊದಲನೇ ಸಲಕ್ಕೇ ಸ್ಟಾರ್ಟ್. ಐಡ್ಲಿಂಗ್ ಚೆನ್ನಾಗಿದೆ. ಬಿ.ಎಚ್. ರೋಡಿನ ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗಲೂ ಏನೂ ಇಲ್ಲ. ಶಿರಾ ಕಡೆಗೆ ಹೈವೇ ಹತ್ತಿ ಅರವತ್ತರಲ್ಲಿ ಆರಾಮಾಗಿ ಆಕ್ಸಿಲರೇಟರ್ ಹಿಡಿದುಕೊಂಡು ಹೋಗುವಾಗ ಮಾತ್ರ ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದ ಹಾಗೆ ಒಂದು ಜರ್ಕ್, ಆಮೇಲೆ ಸರಿ, ಮತ್ತೆ ಎರಡು ಜರ್ಕ್, ಒಮ್ಮೊಮ್ಮೆ ಸೈಲೆನ್ಸರಿನಲ್ಲಿ ಪಟಾರ್ ಅನ್ನುವ ಸದ್ದು. ಲಾರಿ ಬೆನ್ನ ಹಿಂದೆ ಇರುವಾಗ ಹೀಗಾದರೆ ಎದೆ ನಡುಗುತ್ತೆ.

ಮೊದಲು ಪೆಟ್ರೋಲ್ ಮೇಲೆ ಅನುಮಾನ ಬಂತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಅರವತ್ತರ ದಶಕದ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ, ರಬ್ಬರ್ ಮೆತ್ತಗಾಗುತ್ತೆ, ಇಲ್ಲಾ ಬಿರುಕು ಬಿಡುತ್ತೆ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಜಾತಿಯದಕ್ಕೆ ಬದಲಾಯಿಸಿದೆ. ಅದು ಹೇಗೂ ಮಾಡಲೇಬೇಕಾದ ಕೆಲಸ. ಮಿಸ್ಸಿಂಗ್ ಹೋಗಲಿಲ್ಲ.

ಆಮೇಲೆ ಬೇಸಿಗೆ ಬಂತು. "ವೇಪರ್ ಲಾಕ್, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ" ಅಂತ ಅಂಬಾಸಿಡರ್ ಓಡಿಸಿದವರೆಲ್ಲ ಹೇಳಿದರು. ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಇಂಜಿನ್ನಿಗೆ ಸಿಗದೆ ಹೋಗುವುದೇ ವೇಪರ್ ಲಾಕ್. ಅಂಬಾಸಿಡರಿನಲ್ಲಿ ಪೆಟ್ರೋಲ್ ಎಳೆಯುವ ಪಂಪ್ ಇಂಜಿನ್ ಪಕ್ಕದಲ್ಲೇ ಇರುತ್ತೆ, ಅದಕ್ಕೆ ಆ ಮದ್ದು ಸರಿ. ಎಂಜಿಬಿಯ ಪಂಪ್ ಕರೆಂಟಿನದು, ಹಿಂದಿನ ಚಕ್ರದ ಹತ್ತಿರ ಕೂತಿದೆ. ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಜೋರಾಗಿ ಬಡಿದು, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತೆ. ಪೆಟ್ರೋಲ್ ಖಾಲಿಯಾದರೆ ಅಥವಾ ಎಲ್ಲಾದರೂ ಗಾಳಿ ಎಳೆದುಕೊಂಡರೆ ಬಡಿತ ನಿಲ್ಲುವುದೇ ಇಲ್ಲ. ಈ ಸದ್ದು ನನಗೆ ತುಂಬಾ ಇಷ್ಟ, ಗಾಡಿ ತನ್ನ ನಾಡಿ ತಾನೇ ಕೇಳಿಸಿದ ಹಾಗೆ. ನನ್ನ ಗಾಡಿಯಲ್ಲಿ ಸದ್ದು ಸರಿಯಾಗೇ ಇತ್ತು. ಆದರೂ ಅದರ ಮೇಲೆ ನಾನು ನಂಬಿಕೆ ಇಡಲಿಲ್ಲ.

ಬೆಂಗಳೂರಿನ ಒಂದು ಗ್ಯಾರೇಜಿಗೆ ಹಾಕಿದೆ. ಎರಡೂ ಕಾರ್ಬ್ಯುರೇಟರ್ ಬಿಚ್ಚಿ ಓವರ್‌ಹಾಲ್ ಮಾಡಿದರು, ಹೊಸ ಜೆಟ್ಟು, ಹೊಸ ಸೂಜಿ. ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಹೊಸದು ಹಾಕಿದರು. ಬಿಲ್ ದೊಡ್ಡದಾಗಿ ಬಂತು. ವಾಪಸ್ ಬರುವಾಗ ಕ್ಯಾತ್ಸಂದ್ರ ಮುಟ್ಟುವ ಮೊದಲೇ ಎರಡು ಜರ್ಕ್. ಸೈಡಿಗೆ ಹಾಕಿ ನಿಲ್ಲಿಸಿದೆ. ತಟ್ಟೆ ಇಡ್ಲಿ ಅಂಗಡಿ ಕಣ್ಣೆದುರಿಗೇ ಇತ್ತು, ಇಳಿದು ತಿನ್ನುವ ಮನಸ್ಸೂ ಬರಲಿಲ್ಲ.

ಆ ಭಾನುವಾರ ಬೇಜಾರಿನಲ್ಲೇ ನಾಮದ ಚಿಲುಮೆ ದಾರಿ ಹಿಡಿದು ದೇವರಾಯನದುರ್ಗಕ್ಕೆ ಹೊರಟೆ. ಏರಿನಲ್ಲಿ ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೆ. ಇಂಜಿನ್ ಹಾಡಿಕೊಂಡು ಹತ್ತಿತು. ಪೆಟ್ರೋಲ್ ಸಾಲದೆ ಮಿಸ್ ಆಗುತ್ತಿದ್ದರೆ ಜಾಸ್ತಿ ಪೆಟ್ರೋಲ್ ಕುಡಿಯುವ ಇಲ್ಲೇ ಅಲ್ವಾ ಮೊದಲು ಆಗಬೇಕಾದದ್ದು? ಕಾಯಿಲ್ ಕೈ ಕೊಡುವುದಿದ್ದರೂ ಇಷ್ಟು ಭಾರ ಎಳೆಯುವಾಗಲೇ ಕೊಡಬೇಕಿತ್ತು. ಬೆಟ್ಟ ಇಳಿದು ಬಯಲಿಗೆ ಬಂದು ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಮತ್ತೆ ಜರ್ಕ್. ಅವತ್ತು ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಜರ್ಕ್ ಹೊಡೆದ ಗಳಿಗೆಯಲ್ಲೇ ಆರ್‌ಪಿಎಂ ಮೀಟರಿನ ಮುಳ್ಳು ಸರಕ್ಕನೆ ಕೆಳಗೆ ಬಿದ್ದು ಮೇಲೆದ್ದಿತು.

ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಇಂಜಿನ್ ಅಷ್ಟು ಬೇಗ ನಿಧಾನ ಆಗಲು ಸಾಧ್ಯವೇ ಇಲ್ಲ, ಚಕ್ರ ಅದನ್ನು ತಿರುಗಿಸುತ್ತಲೇ ಇರುತ್ತೆ. ಈ ಮೀಟರ್ ಕೇಬಲ್ಲಿನದಲ್ಲ, ಕಾಯಿಲ್‌ಗೆ ಹೋಗುವ ಕರೆಂಟಿನ ಬಡಿತವನ್ನು ಎಣಿಸುತ್ತೆ. ಮುಳ್ಳು ಬಿತ್ತು ಅಂದರೆ ಆ ಕರೆಂಟೇ ಒಂದು ಕ್ಷಣ ನಿಂತಿದೆ. ಪೆಟ್ರೋಲಿಗೂ ಇದಕ್ಕೂ ಸಂಬಂಧ ಇಲ್ಲ. ರೋಡ್ ಪಕ್ಕದಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ನಾಲ್ಕೂ ಹುರಿದ ರಾಗಿ ಹಿಟ್ಟಿನ ಬಣ್ಣ, ಗಾಳಿ ಪೆಟ್ರೋಲ್ ಸರಿಯಾಗಿ ಬೆರೆತಾಗ ಬರುವ ಬಣ್ಣ. ಕಾರ್ಬ್ಯುರೇಟರ್ ತಪ್ಪೇ ಮಾಡಿರಲಿಲ್ಲ.

ಮಾರನೇ ದಿನ ಅಂತರಸನಹಳ್ಳಿ ಕಡೆ ಇರುವ ಮೇಸ್ತ್ರಿ ಹತ್ತಿರ ಹೋದೆ. ಎಪ್ಪತ್ತು ದಾಟಿದ ಮನುಷ್ಯ, ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿಗಳನ್ನೇ ರಿಪೇರಿ ಮಾಡಿದವರು. ಸ್ಪೋರ್ಟ್ಸ್ ಕಾರ್ ಅಂದರೆ ಇವರಿಗೆ ಹಿಡಿಸುತ್ತೋ ಇಲ್ಲವೋ ಅಂತ ಇಷ್ಟು ದಿನ ಹೋಗಿರಲಿಲ್ಲ. ಬಾನೆಟ್ ಎತ್ತಿದ ತಕ್ಷಣ ಅವರ ಮುಖ ಅರಳಿತು. ಎಂಜಿಬಿ ಇಂಜಿನ್ನೂ ಅಂಬಾಸಿಡರಿನ 1489 ಸಿಸಿ ಇಂಜಿನ್ನೂ ಒಂದೇ ಮನೆತನ, ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ ಕೂಡ ಅದೇ 1-3-4-2.

"ಇದು ನಮ್ ಅಂಬಾಸಿಡರ್ ಅಣ್ಣನೇ ಕಣ್ ಸಾಮಿ" ಅಂದರು. "ಏನೇನ್ ಬದ್ಲಾಯಿಸಿದ್ರಿ ಅಂತ ಆಮೇಲ್ ಹೇಳಿ. ಯಾವಾಗ ಕೆಮ್ಮುತ್ತೆ ಅದ್ ಹೇಳಿ."

ಹೇಳಿದೆ. ಐಡ್ಲಿಂಗಿನಲ್ಲಿ ಇಲ್ಲ, ಪೂರ್ತಿ ತುಳಿದರೆ ಇಲ್ಲ, ಅರ್ಧ ತುಳಿದರೆ ಮಾತ್ರ ಇದೆ, ಮುಳ್ಳು ಬೀಳುತ್ತೆ. ಅವರು ಇನ್ನೇನೂ ಕೇಳಲಿಲ್ಲ. ಡೆಲ್ಕೋ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಪಕ್ಕದ ವ್ಯಾಕ್ಯೂಮ್ ಡಬ್ಬಿಗೆ ಕಾರ್ಬ್ಯುರೇಟರಿನಿಂದ ಬರುವ ಸಣ್ಣ ಪೈಪನ್ನು ಕಿತ್ತರು. ಆ ಜಾಗಕ್ಕೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಪೈಪಿನ ಇನ್ನೊಂದು ತುದಿ ಬಾಯಲ್ಲಿಟ್ಟು ಎಳನೀರು ಕುಡಿಯುವ ಹಾಗೆ ಎಳೆದರು.

ಇಂಜಿನ್ ಕೆಮ್ಮಿತು. ಬಿಟ್ಟರು, ಸರಿಯಾಯಿತು. ಮತ್ತೆ ಎಳೆದರು, ಮತ್ತೆ ಕೆಮ್ಮು. ಮೂರನೇ ಸಲ ನಿಂತೇ ಹೋಯಿತು. ನಾಲ್ಕು ತಿಂಗಳಿಂದ ಹೈವೇಯಲ್ಲಿ ಹುಡುಕುತ್ತಿದ್ದ ಮಿಸ್ಸಿಂಗನ್ನು ಅವರು ನಿಂತ ಜಾಗದಲ್ಲೇ ಕರೆದು ತೋರಿಸಿದರು. ನನಗೆ ಮೈ ಜುಮ್ ಅಂದಿತು.

ಒಳಗೆ ಆಗುವುದು ಇಷ್ಟು. ಅರ್ಧ ಆಕ್ಸಿಲರೇಟರಿನಲ್ಲಿ ಸಿಲಿಂಡರಿಗೆ ಹೋಗುವ ಗಾಳಿ ಪೆಟ್ರೋಲ್ ಕಮ್ಮಿ, ಅದು ನಿಧಾನಕ್ಕೆ ಉರಿಯುತ್ತೆ, ಆದ್ದರಿಂದ ಕಿಡಿ ಸ್ವಲ್ಪ ಮುಂಚೆ ಬೀಳಬೇಕು. ಇಂಜಿನ್ನಿನ ವ್ಯಾಕ್ಯೂಮೇ ಆ ಡಬ್ಬಿಯೊಳಗಿನ ಪರದೆಯನ್ನು ಎಳೆದು, ಪಾಯಿಂಟ್ (ಕಾಯಿಲ್ ಕರೆಂಟನ್ನು ಸೇರಿಸಿ ಕಡಿಯುವ ಪುಟ್ಟ ಸ್ವಿಚ್) ಕೂತಿರುವ ಪ್ಲೇಟನ್ನು ಸ್ವಲ್ಪ ತಿರುಗಿಸುತ್ತೆ. ಐಡ್ಲಿಂಗಿನಲ್ಲಿ ಆ ಪೈಪಿಗೆ ವ್ಯಾಕ್ಯೂಮ್ ಸಿಗುವುದಿಲ್ಲ. ಪೂರ್ತಿ ತುಳಿದಾಗಲೂ ಗಾಳಿ ಸಲೀಸಾಗಿ ನುಗ್ಗುವುದರಿಂದ ವ್ಯಾಕ್ಯೂಮ್ ಬಿದ್ದು ಹೋಗುತ್ತೆ. ಅಂದರೆ ಆ ಪ್ಲೇಟ್ ಅಲ್ಲಾಡುವುದು ಆರಾಮಾಗಿ ಓಡಿಸುವಾಗ ಮಾತ್ರ. ದೇವರಾಯನದುರ್ಗದ ಏರಿನಲ್ಲಿ ಅದು ಅಲ್ಲಾಡದೆ ಕೂತಿತ್ತು. ಹೈವೇಯಲ್ಲಿ ನನ್ನ ಕಾಲು ಚೂರು ಅತ್ತಿತ್ತ ಆದರೂ ಅದು ಆಡುತ್ತಿತ್ತು.

ಪ್ಲೇಟ್ ಆಡಿದಾಗ ಕರೆಂಟ್ ನಿಲ್ಲುತ್ತೆ ಅಂದರೆ ಅದಕ್ಕೆ ಸೇರಿದ ಯಾವುದೋ ವೈರ್ ಕೈ ಕೊಡುತ್ತಿದೆ. ಇನ್ನು ಯಾವ ವೈರು ಅನ್ನುವುದು ಬಾಕಿ. ಇಂಜಿನ್ ಆಫ್ ಮಾಡಿ, ಪಾಯಿಂಟ್ ಮುಚ್ಚಿಕೊಳ್ಳುವ ಜಾಗಕ್ಕೆ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿದರು. ಕಾಯಿಲ್‌ನಿಂದ ಡೆಲ್ಕೋಗೆ ವೈರ್ ಹೋಗುವ ತುದಿಗೂ ಬಾಡಿಗೂ ನಡುವೆ ಒಂದು ಪುಟ್ಟ ಬಲ್ಬ್ ಹಾಕಿದರು. ಪಾಯಿಂಟ್ ಮುಚ್ಚಿದ್ದರೆ ಕರೆಂಟ್ ಅದರ ಮೂಲಕ ಅರ್ತ್ ಆಗುತ್ತೆ, ಬಲ್ಬ್ ಉರಿಯಬಾರದು. ಉರಿಯಲಿಲ್ಲ. ಪೈಪ್ ಎಳೆದರು, ಪ್ಲೇಟ್ ತಿರುಗಿತು, ಬಲ್ಬ್ ಮಿಣುಕ್ ಅಂತ ಹತ್ತಿತು. ಈಗ ಒಂದು ಬೇರೆ ವೈರಿನಿಂದ ಪ್ಲೇಟಿಗೂ ಡೆಲ್ಕೋ ಬಾಡಿಗೂ ಸೇರಿಸಿ ಎಳೆದರು. ಬಲ್ಬ್ ಹತ್ತಲಿಲ್ಲ. ಮೂರು ಸಲ ಮಾಡಿ ತೋರಿಸಿದರು.

"ಅರ್ತ್ ವೈರು" ಅಂದರು.

ತಿರುಗುವ ಪ್ಲೇಟಿನಿಂದ ಬಾಡಿಗೆ ಹೋಗುವ ಎರಡು ಇಂಚೂ ಇಲ್ಲದ ವೈರ್ ಅದು. ಮೇಲೆ ಬಟ್ಟೆಯ ಹೊದಿಕೆ. ನೋಡೋಕೆ ಗಟ್ಟಿಮುಟ್ಟಾಗಿತ್ತು, ಎರಡೂ ತುದಿ ಸರಿಯಾಗಿ ಕೂತಿದ್ದವು. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇನ್ನೂ ಮನೆಯಲ್ಲಿದೆ. ಬಟ್ಟೆ ಸೀಳಿ ಅದರಲ್ಲಿ ನೋಡಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ಒಂದೇ ಜಾಗದಲ್ಲಿ ತುಂಡಾಗಿದ್ದವು. ಹಾಗಾದರೆ ಗಾಡಿ ಇಷ್ಟು ದಿನ ಓಡಿದ್ದು ಹೇಗೆ? ಪ್ಲೇಟು ಅದರ ಕೆಳಗಿನ ಲೋಹಕ್ಕೆ ತಾಗಿಕೊಂಡೇ ಇರುತ್ತಲ್ಲ, ಆ ತಾಗುವಿಕೆಯಲ್ಲೇ ಕರೆಂಟ್ ಹೇಗೋ ದಾರಿ ಮಾಡಿಕೊಳ್ಳುತ್ತಿತ್ತು. ಪ್ಲೇಟ್ ತಿರುಗುವಾಗ, ನಡುವೆ ಗ್ರೀಸ್ ಬಂದಾಗ, ದಾರಿ ತಪ್ಪುತ್ತಿತ್ತು.

ಮೇಸ್ತ್ರಿ ಹತ್ತಿರ ಹಳೇ ಅಂಬಾಸಿಡರ್ ಡೆಲ್ಕೋಗಳ ಒಂದು ತಗಡಿನ ಡಬ್ಬಿ ಇತ್ತು. ಅದರಿಂದ ಚೆನ್ನಾಗಿದ್ದ ಒಂದು ಅರ್ತ್ ವೈರ್ ಆರಿಸಿ ಕೊಟ್ಟರು. ಇಲ್ಲಿ ಸಾದಾ ವೈರ್ ಹಾಕಬಾರದು. ಅದು ಗಡುಸು, ಪ್ಲೇಟನ್ನು ಸಲೀಸಾಗಿ ತಿರುಗಲು ಬಿಡುವುದಿಲ್ಲ, ಬೇಗ ಮುರಿಯುತ್ತೆ. ಕೂದಲಿನಷ್ಟು ತೆಳ್ಳಗಿನ ಎಳೆಗಳ ವೈರೇ ಬೇಕು. ತುದಿಗೆ ಸೋಲ್ಡರ್ ಹಾಕಿದ್ದು ಅಪ್ಪ. ಸೋಲ್ಡರ್ ಎಳೆಗಳೊಳಗೆ ಮೇಲಕ್ಕೆ ಹರಿದರೆ ವೈರ್ ಕಡ್ಡಿಯಾಗಿಬಿಡುತ್ತೆ, ಆದ್ದರಿಂದ ತುದಿಯಲ್ಲಿ ಒಂದು ಹನಿ ಮಾತ್ರ ನಿಲ್ಲಿಸಿದರು. ಎಷ್ಟೋ ವರ್ಷದ ಮೇಲೆ ಅವರ ಕೈ ಅಷ್ಟು ಸ್ಥಿರವಾಗಿ ಕೆಲಸ ಮಾಡುವುದನ್ನು ನೋಡಿದೆ. ಮಾತಾಡದೆ ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ.

ಪಾಯಿಂಟ್ ಗ್ಯಾಪ್ 0.38 ಮಿಲಿಮೀಟರಿಗೆ ಇಟ್ಟು, ಟೈಮಿಂಗ್ ಸರಿಮಾಡಿಕೊಂಡೆ. ಒಂದು ವಿಷಯ ನೆನಪಿರಲಿ, 1966ರ ಈ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ಅರ್ತ್ ಆಗಿರುತ್ತೆ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ. ಮೀಟರ್ ಹಿಡಿಯುವಾಗ ಕೆಂಪು ಕಪ್ಪು ಉಲ್ಟಾ ಮಾಡಿಕೊಳ್ಳಬೇಕು. ಬಲ್ಬ್ ಪರೀಕ್ಷೆಗೆ ಆ ತಲೆನೋವಿಲ್ಲ, ಅದಕ್ಕೇ ನನಗೆ ಈಗ ಬಲ್ಬೇ ಇಷ್ಟ.

ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್ ಯಾವುದೇ ಇರಲಿ, ಪಾಯಿಂಟ್ ಇರುವ ಗಾಡಿ ಅರ್ಧ ಆಕ್ಸಿಲರೇಟರಿನಲ್ಲಿ ಮಾತ್ರ ಕೆಮ್ಮುತ್ತಿದ್ದರೆ, ಡೆಲ್ಕೋಗೆ ವ್ಯಾಕ್ಯೂಮ್ ಪೈಪ್ ಇದೆಯಾ ನೋಡಿ. ಇದ್ದರೆ ಅದನ್ನು ಕಿತ್ತು, ಕಾರ್ಬ್ಯುರೇಟರ್ ಕಡೆಯ ತೂತನ್ನು ಮುಚ್ಚಿ, ಒಂದು ರೌಂಡ್ ಹೋಗಿ ಬನ್ನಿ. ಕೆಮ್ಮು ಹೋದರೆ ಡೆಲ್ಕೋ ಒಳಗಿನ ವೈರುಗಳನ್ನು ಮೊದಲು ಹಿಡಿಯಿರಿ. ಕೈಯಲ್ಲಿ ಮುಟ್ಟಿ ನೋಡಿ, ಎಳೆದು ನೋಡಿ, ಕಣ್ಣಿಗೆ ಕಂಡದ್ದನ್ನೇ ನಂಬಬೇಡಿ. ಕಾರ್ಬ್ಯುರೇಟರ್ ಆಮೇಲೆ ಬಿಚ್ಚಬಹುದು.

ಹೋದ ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿರಾಗೆ ಹೋಗಿ ಬಂದೆ. ಅರವತ್ತರಲ್ಲಿ, ಅರ್ಧ ಆಕ್ಸಿಲರೇಟರಿನಲ್ಲಿ. ನಾನು ರೋಡ್ ನೋಡುತ್ತಿದ್ದೆ, ಅಪ್ಪ ದಾರಿಯುದ್ದಕ್ಕೂ ಆರ್‌ಪಿಎಂ ಮುಳ್ಳನ್ನೇ ನೋಡುತ್ತಿದ್ದರು. ಕಳ್ಳಂಬೆಳ್ಳ ದಾಟಿದ ಮೇಲೆ "ಇನ್ನೂ ಬಿದ್ದಿಲ್ಲ ಕಣೋ" ಅಂದರು.