ಕನೇರಿ ಮಠದಲ್ಲೊಂದು ಶ್ರಾವಣ ಸೋಮವಾರ

ಗಡಹಿಂಗ್ಲಜದವರು ಕನೇರಿ ಮಠಕ್ಕೆ ಹೊರಟರೆ ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೇ ಹೋಗುವುದು. ಆದರೂ ಹೆದ್ದಾರಿ ಹಿಡಿದರೆ ನಡುವೆ ಸಂಕೇಶ್ವರ, ನಿಪ್ಪಾಣಿ ಅಂತ ಕರ್ನಾಟಕ ಹಾಯಬೇಕು. ಕೊಗನೋಳಿ ಟೋಲ್ ದಾಟಿ, ಕಾಗಲ್ ಹಿಂದೆ ಬಿದ್ದ ಮೇಲೆ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಮಠವಿರುವ ಸಿದ್ಧಗಿರಿ. ಗುಡ್ಡ ದೊಡ್ಡದಲ್ಲ. ಅತ್ತೆಯ ಮೊಣಕಾಲಿಗೆ ಅದೇ ದೊಡ್ಡ ಸಮಾಧಾನ.

ಕಾಡಸಿದ್ಧೇಶ್ವರರ ಈ ಪೀಠ ಸಾವಿರ ವರ್ಷಕ್ಕೂ ಹಳೆಯದೆಂದು ಭಕ್ತರು ನಂಬುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಮಠವೆಂದರೆ ಮುಪ್ಪಿನ ಕಾಡಸಿದ್ಧೇಶ್ವರ ಅಪ್ಪಗಳು. 26ನೆಯ ಪೀಠಾಧಿಪತಿಗಳು, 2001ರಲ್ಲಿ ಲಿಂಗೈಕ್ಯರಾದರು. ಅವರ ಬಗ್ಗೆ ನನಗೆ ಹೆಚ್ಚು ಹಿಡಿಸುವ ಸಂಗತಿ ಒಂದಿದೆ. ಪೀಠವೇರಿ, ಸಾವಿರಾರು ಜನರಿಂದ ಪಾದಪೂಜೆ ಮಾಡಿಸಿಕೊಳ್ಳುವ ಸ್ವಾಮಿಗಳಾಗಿದ್ದೂ ಅವರು ಇಂಚಗೇರಿ ಸಂಪ್ರದಾಯದ ಸಿದ್ಧರಾಮೇಶ್ವರ ಮಹಾರಾಜರ ಶಿಷ್ಯರಾದರು. ಆ ಮಹಾರಾಜರು ಸೊಲ್ಲಾಪುರ ಸೀಮೆಯವರು, ವಿಜಾಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸಂಸಾರಿ. ಕಾವಿ ಉಟ್ಟವರು ಲೆಕ್ಕ ಬರೆಯುವವರ ಕಾಲಿಗೆರಗುವುದು ಸಣ್ಣ ಮಾತಲ್ಲ. ಇವತ್ತು ಎಷ್ಟು ಮಠಗಳಲ್ಲಿ ನಡೆದೀತು ಹೇಳಿ?

ಗುಡಿಯಲ್ಲಿ ಪಾಳಿ ಉದ್ದವಿತ್ತು. ಲಿಂಗಕ್ಕೆ ಪತ್ರಿ ಏರಿಸಿ, ವಿಭೂತಿ ಹಚ್ಚಿಕೊಂಡು ಹೊರಬಂದೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ ಮ್ಯೂಸಿಯಮ್ಮಿಗೆ ಟಿಕೆಟ್ ತೆಗೆಸಿದೆವು. ಬಂದವರಲ್ಲಿ ಅರ್ಧ ಜನ ಅದಕ್ಕೆಂದೇ ಬಂದಿರುತ್ತಾರೆ. ಶಿವನಿಗೆ ಐದು ನಿಮಿಷ, ಸೆಲ್ಫಿಗೆ ಎರಡು ತಾಸು.

ಹಳೆಯ ಕಾಲದ ಊರನ್ನೇ ಅಲ್ಲಿ ಸಿಮೆಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರೆ. ಆಳೆತ್ತರದ ರೈತ, ಕಮ್ಮಾರ, ಕ್ಷೌರಿಕ. ದುಡಿದ ಕೈಯ ನರ ಉಬ್ಬಿದ್ದು, ಮುಂಡಾಸದ ಮಡಿಕೆ, ಎತ್ತಿನ ಕೊರಳ ಕೆಳಗೆ ಜೋತ ಚರ್ಮ, ಒಂದನ್ನೂ ಬಿಟ್ಟಿಲ್ಲ. ನಾನು ಮುಂದೆ ಮುಂದೆ ಹೋಗುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಇಲ್ಲ.

ಕುಂಬಾರನ ಮುಂದೆ ನಿಂತಿದ್ದರು. ಚಪ್ಪಲಿ ಪಕ್ಕಕ್ಕೆ ಬಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ತಿಗರಿಗೆ ಎರಡೂ ಕೈ ಜೋಡಿಸಿದ್ದರು. ಹಿಂದಿದ್ದ ಮರಾಠಿ ಹುಡುಗನೊಬ್ಬ ಕಿಸಕ್ಕನೆ ನಕ್ಕು, "ಆಜೀ, ತೋ ದೇವ್ ನಾಹೀ" ಅಂದ.

ಅತ್ತೆಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೂ ಕನ್ನಡದಲ್ಲೇ ಅಂದರು: "ದೇವ್ರಲ್ಲೋ ತಮ್ಮಾ, ನಮ್ಮಪ್ಪ ಅದಾನ."