ಜೇನುಪೆಟ್ಟಿಗೆಯೊಳಗಿನ ಕೂಗು

ನವರಾತ್ರಿ ಮುಗಿದ ವಾರವದು. ಶಿರಸಿ ಕಡೆಯ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ರಾತ್ರಿ ಕುಳಿತಿದ್ದಾಗ, ಪಕ್ಕದಲ್ಲೇ ಇದ್ದ ಜೇನುಪೆಟ್ಟಿಗೆಯಿಂದ ಇಲಿಮರಿಯ ಕೂಗಿನಂಥ ಸದ್ದು ಬಂತು. ಅಪ್ಪಯ್ಯ ಮುಚ್ಚಳ ಎತ್ತಿದರು. ನಾನು ಟಾರ್ಚ್ ಹಿಡಿದೆ. ತುಡುವೆ ನೊಣಗಳ ನಡುವೆ ಹೆಬ್ಬೆರಳು ಗಾತ್ರದ ಕಂದು ಪತಂಗವೊಂದು ಎರಿಗೆ ಮೂತಿಯಿಟ್ಟು ಕುಳಿತಿತ್ತು. ಬೆನ್ನ ಮೇಲೆ ಮಾಸಲು ಹಳದಿಯ ತಲೆಬುರುಡೆ!

ಅಪ್ಪಯ್ಯ ಅದನ್ನು ಪಂಚೆಯ ತುದಿಯಲ್ಲಿ ಹಿಡಿದೆತ್ತಿದರು. ಕೈಯಲ್ಲೂ ಅದು ಚೀರಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಗಾಬರಿ. "ಅದು ಬಂದದ್ದು ಜೇನಿಗೆ ಆಯಿ, ನಮ್ಮ ಜೀವಕ್ಕಲ್ಲ" ಎಂದರು ಅಪ್ಪಯ್ಯ.

ಆ ಕೂಗು ನನ್ನನ್ನು ವರ್ಷಗಟ್ಟಲೆ ಬಿಡಲಿಲ್ಲ. ಪತಂಗಕ್ಕೆ ಗಂಟಲೆಲ್ಲಿಯದು? ಓದಿದ ಮೇಲೆ ತಿಳಿಯಿತು: ತಲೆಯೊಳಗಿನ ಪುಟ್ಟ ಪೊಟರೆಗೆ ಹೀರುನಳಿಕೆಯಿಂದ ಗಾಳಿ ಎಳೆದುಕೊಂಡು ಹೊರದಬ್ಬುತ್ತದೆ, ಹಾರ್ಮೋನಿಯಂ ತಿದಿಯ ಹಾಗೆ. ಇದರ ಬಳಗದ ಎಷ್ಟೋ ಪತಂಗಗಳಿಗೆ ಹೂವಿನಾಳಕ್ಕೆ ಇಳಿಯುವ ಉದ್ದನೆಯ ನಳಿಕೆಯಿದ್ದರೆ, ಇದರದು ಗಿಡ್ಡ, ದಪ್ಪ, ಗಡುಸು. ಮೇಣದ ಮುಚ್ಚಳ ಚುಚ್ಚಲು ಅಂಥದೇ ಬೇಕು. ನೊಣಗಳ ಕಾವಲನ್ನು ದಾಟುವ ಬಗೆ ಇನ್ನೂ ಸೋಜಿಗದ್ದು. ಇದರ ಯುರೋಪಿನ ದಾಯಾದಿಯ ಮೈಯಲ್ಲಿ ಜೇನ್ನೊಣದ ಮೈಮೇಲಿರುವಂಥದೇ ಕೊಬ್ಬಿನಾಮ್ಲಗಳು ಸಿಕ್ಕಿವೆ. ಕತ್ತಲಲ್ಲಿ ವಾಸನೆಯೇ ಗುರುತಿನ ಚೀಟಿಯಾಗುತ್ತದೆ.

ಪಾಪ, ಹೆಸರಿಟ್ಟವರೂ ಸಾವನ್ನೇ ಕಂಡರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಯುರೋಪಿನದಕ್ಕೆ ಬಾಳಿನ ನೂಲು ಕತ್ತರಿಸುವ ಗ್ರೀಕ್ ದೇವತೆ ಅಟ್ರೋಪೋಸ್ ಹೆಸರಿಟ್ಟ. ನಾವು ಕಂಡದ್ದು, ಹಿಂದಿನ ಹಳದಿ ರೆಕ್ಕೆಗೆ ಎರಡು ಕಪ್ಪು ಪಟ್ಟೆಯಿದ್ದದ್ದರಿಂದ, ಸ್ಟಿಕ್ಸ್ ಎಂಬ ಜಾತಿಯದಿರಬೇಕು. ಆ ಹೆಸರು ಗ್ರೀಕ್ ಪುರಾಣದಲ್ಲಿ ಸತ್ತವರು ದಾಟುವ ನದಿಯದು. ನನಗಾದರೋ ಅದು ಹೊಟ್ಟೆಪಾಡಿನ ಜೀವಿಯಾಗಿಯೇ ಕಾಣುತ್ತದೆ.

ಶ್ರಾವಣದಲ್ಲಿ ಅಮ್ಮನ ಮಲ್ಲಿಗೆ ಬಳ್ಳಿಯನ್ನು ಬೋಳಿಸಿದ್ದ, ಬಾಲದಲ್ಲಿ ಕೊಂಬಿದ್ದ ಬೆರಳುದ್ದದ ಹಸಿರು ಹುಳು ಬಹುಶಃ ಇದರ ಮರಿಯೇ. ಎಳ್ಳು, ಬದನೆಯ ಎಲೆಗಳೂ ಅದಕ್ಕೆ ಇಷ್ಟ. ತಿಂದು ಕೊಬ್ಬಿದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಅಮ್ಮ ದಿನವೂ ನೀರು ಹಾಕುತ್ತಿದ್ದ ಬುಡದಲ್ಲೇ ಅದು ಮಲಗಿತ್ತೋ ಏನೋ.

ಅಪ್ಪಯ್ಯ ಪಂಚೆಯ ಹಿಡಿ ಬಿಟ್ಟಾಗ ಅದು ತಕ್ಷಣ ಹಾರಲಿಲ್ಲ. ಅಂಗಳದ ಕಲ್ಲಿನ ಮೇಲೆ ಕುಳಿತು ರೆಕ್ಕೆಗಳನ್ನು ಗಡಗಡನೆ ನಡುಗಿಸಿತು. ಹೆದರಿಕೆಯೆಂದುಕೊಂಡೆ, ಹಾರುವ ಮೊದಲು ಸ್ನಾಯುಗಳನ್ನು ಬೆಚ್ಚಗೆ ಮಾಡಿಕೊಳ್ಳುತ್ತಿತ್ತಂತೆ. ಆಮೇಲೆ ಒಮ್ಮೆಲೇ ಎದ್ದು ಅಡಿಕೆ ಮರಗಳ ನಡುವೆ ಮಾಯವಾಯಿತು. ಮರುದಿನ ಅಪ್ಪಯ್ಯ ತಗಡಿನ ತುಂಡೊಂದನ್ನು ಕತ್ತರಿಸಿ, ನೊಣ ಮಾತ್ರ ನುಸುಳುವಷ್ಟು ಸಂದು ಬಿಟ್ಟು, ಪೆಟ್ಟಿಗೆಯ ಬಾಗಿಲಿಗೆ ಹೊಡೆದರು.